ತಲೆಗೆ ತೀವ್ರ ಪೆಟ್ಟಾದ ಅಣ್ಣ-ತಮ್ಮ, ಅಕ್ಕ-ತಂಗಿಯರ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಅಪಘಾತವೋ, ಅಡಿಕೆ ಮರದಿಂದ ಬಿದ್ದದ್ದೋ, ಕಟ್ಟಡದ ಕೆಲಸದಲ್ಲಿ ಆದ ಅವಘಡವೋ, ಕಾರಣ ಬೇರೆಯಾದರೂ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಲ್ಲಿರುವ ಉತ್ತರಗಳು ಒಡಹುಟ್ಟಿದವರಿಗಾಗಿ. ತಂದೆತಾಯಿಗೆ ವಯಸ್ಸಾಗುತ್ತದೆ, ನೆಂಟರು ಆರು ತಿಂಗಳಲ್ಲಿ ಚದುರುತ್ತಾರೆ. ಹತ್ತು-ಇಪ್ಪತ್ತು ವರ್ಷದ ನಂತರವೂ ಈ ಜವಾಬ್ದಾರಿ ಹೊತ್ತಿರುವವರು ಬಹುಪಾಲು ಅಣ್ಣನೋ ಅಕ್ಕನೋ ತಮ್ಮನೋ ಆಗಿರುತ್ತಾರೆ. ಅಷ್ಟು ದೂರದ ಲೆಕ್ಕ ಇಟ್ಟುಕೊಂಡೇ ಇದನ್ನು ಓದಿ. ನಿಮ್ಮವರನ್ನು ನೋಡುತ್ತಿರುವ ವೈದ್ಯರು ಇದಕ್ಕಿಂತ ಬೇರೆ ಹೇಳಿದ್ದರೆ ಅವರ ಮಾತನ್ನೇ ಪಾಲಿಸಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಜಿಸಿಎಸ್ 6, ಸಿವಿಯರ್’ ಎಂದಿದೆ. ಏನರ್ಥ?

ಜಿಸಿಎಸ್, ಅಂದರೆ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ. ಏನೂ ಪ್ರತಿಕ್ರಿಯೆ ಇಲ್ಲದವರಿಗೂ 3 ಸಿಗುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಆದರೆ ಈ ಅಂಕ ಅಪಘಾತದ ಹೊತ್ತಿನದು. ಕುಡಿದಿದ್ದರೆ ಅಥವಾ ನಿದ್ರೆ ಬರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದು ಇನ್ನೂ ಕಡಿಮೆ ಕಾಣುತ್ತದೆ. ಗಂಟಲಿಗೆ ಟ್ಯೂಬ್ ಹಾಕಿದ್ದರೆ ಮಾತಿನ ಅಂಕವನ್ನು ಸರಿಯಾಗಿ ಕೊಡಲಾಗುವುದೇ ಇಲ್ಲ.

ಮುಂದಿನ ದಾರಿ ತಿಳಿಯಲು ಇನ್ನೊಂದು ಅಳತೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಪೆಟ್ಟಾದ ದಿನದಿಂದ, ಆಯಾ ದಿನದ ಘಟನೆಗಳು ನೆನಪಿನಲ್ಲಿ ನಿಲ್ಲಲು ಶುರುವಾಗುವವರೆಗೆ ಎಷ್ಟು ದಿನ ಹಿಡಿಯಿತು ಎನ್ನುವುದು. ಬೆಳಿಗ್ಗೆ ಬಂದವರು ಯಾರು, ತಿಂಡಿಗೆ ಏನು ತಿಂದೆ ಎನ್ನುವುದು ಸಂಜೆ ನೆನಪಿದೆಯೇ? ಅದು ಸತತವಾಗಿ ನೆನಪಿರತೊಡಗಿದ ತಾರೀಖನ್ನು ಬರೆದಿಡಿ. ವೈದ್ಯರು ಕೇಳುತ್ತಾರೆ, ಆಗ ಹೇಳಲು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಕಣ್ಣು ಬಿಟ್ಟಿದ್ದಾನೆ, ಆದರೆ ನಮ್ಮನ್ನು ನೋಡುತ್ತಿಲ್ಲ. ಪ್ರಜ್ಞೆ ಬಂದಿದೆಯೋ ಇಲ್ಲವೋ?

ಎಚ್ಚರವಾಗುವುದು ಬೇರೆ, ಅರಿವು ಬರುವುದು ಬೇರೆ. ಕೋಮಾದಲ್ಲಿದ್ದವರು ಸಾಮಾನ್ಯವಾಗಿ ಎರಡು-ನಾಲ್ಕು ವಾರದೊಳಗೆ ಕಣ್ಣು ಬಿಡುತ್ತಾರೆ. ನಿದ್ದೆ-ಎಚ್ಚರದ ಚಕ್ರ ಮರಳಿತು ಎಂದಷ್ಟೇ ಅದರ ಅರ್ಥ. ಅರಿವಿನ ಮೊದಲ ಸುಳಿವು ಹೆಚ್ಚಾಗಿ ದೃಷ್ಟಿ ಹಿಂಬಾಲಿಸುವುದರಲ್ಲಿ ಸಿಗುತ್ತದೆ. ಅಂಗೈಯಗಲದ ಕನ್ನಡಿಯನ್ನು ಮುಖದ ಮುಂದೆ ಹಿಡಿದು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಿ. ಬೆರಳಿನ ಅಥವಾ ಪೆನ್ನಿನ ಹಿಂದೆ ಹೋಗದ ಕಣ್ಣು ಸ್ವಂತ ಮುಖದ ಹಿಂದೆ ಹೋಗುವುದುಂಟು.

‘ಕೈ ಹಿಡಿದ!’ ಎಂದು ಮನೆಯವರು ಸಂಭ್ರಮಿಸುವ ಸಂದರ್ಭ ಬಹಳ. ಅಂಗೈಗೆ ಏನಾದರೂ ತಾಗಿದರೆ ಬೆರಳು ಮುಚ್ಚುವುದು ತಾನಾಗಿ ಆಗುವ ಕ್ರಿಯೆಯೂ ಇರಬಹುದು. ಆದ್ದರಿಂದ ‘ಹಿಡಿ’ ಎನ್ನುವುದಕ್ಕಿಂತ ‘ಬಿಡು’, ‘ಹೆಬ್ಬೆರಳು ಎತ್ತು’, ‘ನಾಲಿಗೆ ಹೊರಗೆ ಹಾಕು’ ಎಂದು ಕೇಳಿ. ಒಂದು ಸಲ ಹೇಳಿ ಕನಿಷ್ಠ 10 ಸೆಕೆಂಡ್ ಸುಮ್ಮನಿರಿ. ಮನೆಯವರು ಬೇಗ ಬೇಗ ನಾಲ್ಕು ಸಲ ಹೇಳಿಬಿಡುತ್ತಾರೆ; ಉತ್ತರ ಹೊರಡುವ ಮೊದಲೇ ಮುಂದಿನ ಮಾತು ಬಂದು ಎಲ್ಲ ಕಲಸಿಹೋಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೇರೆ ಬೇರೆ ಹೊತ್ತಿನಲ್ಲಿ ಮೊಬೈಲಿನಲ್ಲಿ ಅರ್ಧರ್ಧ ನಿಮಿಷದ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ರೌಂಡ್ಸ್‌ಗೆ ಬಂದ ಎರಡು ನಿಮಿಷದಲ್ಲಿ ರೋಗಿ ಸ್ಪಂದಿಸದೇ ಇರುವುದು ತೀರ ಸಾಮಾನ್ಯ.

ವಾರ್ಡಿನಲ್ಲಿ ಅವಳ ಹತ್ತಿರ ಏನು ಮಾತಾಡಬೇಕು? ಗುರುತು ಹಿಡಿಯುತ್ತಾಳಾ ಎಂದು ಎಲ್ಲರೂ ಕೇಳುತ್ತಾರೆ.

‘ನಾನ್ಯಾರು ಹೇಳು ನೋಡೋಣ’ ಎಂಬ ಪರೀಕ್ಷೆ ನಿಲ್ಲಿಸಿ. ಬಂದ ಪ್ರತಿಯೊಬ್ಬರೂ ಅದನ್ನೇ ಕೇಳುತ್ತಾರೆ, ಉತ್ತರ ತಪ್ಪಾದಾಗ ಮುಖ ಸಪ್ಪಗೆ ಮಾಡುತ್ತಾರೆ. ಗೊಂದಲದಲ್ಲಿರುವ ಮೆದುಳಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಬದಲಿಗೆ ನೀವೇ ಹೇಳಿಬಿಡಿ: “ನಾನು ನಿನ್ನ ಅಣ್ಣ. ನೀನು ಆಸ್ಪತ್ರೆಯಲ್ಲಿದ್ದೀಯ. ತಲೆಗೆ ಪೆಟ್ಟಾಗಿತ್ತು, ವಾಸಿಯಾಗ್ತಾ ಇದೆ. ಇವತ್ತು ಮಂಗಳವಾರ.” ನಾಲ್ಕೇ ವಾಕ್ಯ. ಪ್ರತಿ ಸಲ ಬಂದಾಗಲೂ ಅದೇ ಮಾತು, ಅದೇ ಧ್ವನಿ.

ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ, 15-20 ನಿಮಿಷ ಸಾಕು. ಟಿವಿ, ಮೊಬೈಲ್ ರೀಲ್ಸ್, ಎರಡು ಕಡೆಯಿಂದ ಮಾತು, ಇವೆಲ್ಲ ಸೇರಿದರೆ ಕೆಲವರು ಟ್ಯೂಬ್ ಕೀಳಲು, ಮಂಚ ಇಳಿಯಲು ನೋಡುತ್ತಾರೆ. ನೆಂಟರನ್ನು ತಡೆಯುವ ಕೆಲಸ ಅಪ್ಪ-ಅಮ್ಮನಿಂದ ಆಗುವುದಿಲ್ಲ. ಅದನ್ನು ನೀವು ವಹಿಸಿಕೊಳ್ಳಿ, ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದು ಹೇಳಿ. ನಿಷ್ಠುರವಾದರೂ ಚಿಂತೆಯಿಲ್ಲ.

ತಲೆಬುರುಡೆಯ ಒಂದು ಭಾಗ ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದಾರೆ. ಮನೆಯಲ್ಲಿ ಏನು ಎಚ್ಚರ ಬೇಕು?

ಬಾತ ಮೆದುಳಿಗೆ ಜಾಗ ಮಾಡಿಕೊಡಲು ಮೂಳೆ ತೆಗೆಯುತ್ತಾರೆ. ಕೆಲವು ಕಡೆ ಅದನ್ನು ಹೊಟ್ಟೆಯ ಕೊಬ್ಬಿನ ಪದರದಲ್ಲಿ ಇಡುತ್ತಾರೆ, ಕೆಲವು ಕಡೆ ಫ್ರೀಜರಿನಲ್ಲಿ. ಸೋಂಕು, ಬಾವು ಇಲ್ಲದಿದ್ದರೆ ಕೆಲವು ವಾರಗಳಿಂದ ಆರು ತಿಂಗಳೊಳಗೆ ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಭಾಗದಲ್ಲಿ ಮೆದುಳಿನ ಮೇಲೆ ಚರ್ಮವೊಂದೇ ರಕ್ಷಣೆ. ಆ ಮಗ್ಗುಲಿಗೆ ಮಲಗಿಸಬೇಡಿ. ಕೂರಿಸುವಾಗ, ನಡೆಸುವಾಗ ಹಗುರವಾದ ಹೆಲ್ಮೆಟ್ ಹಾಕಿ. ಮಂಚದ ತಲೆಯ ಮೇಲೆ ‘ಎಡಕ್ಕೆ ಮೂಳೆ ಇಲ್ಲ’ ಎಂದು ದೊಡ್ಡದಾಗಿ ಬರೆದು ಅಂಟಿಸಿ, ಹೊಸ ಅಟೆಂಡರ್ ಬಂದಾಗ ಬಾಯಿಮಾತು ಮರೆತುಹೋಗುತ್ತದೆ. ತಲೆಗೆ ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ.

ಆ ಜಾಗ ದಿನದಿಂದ ದಿನಕ್ಕೆ ಸ್ವಲ್ಪ ಮೇಲೆ ಕೆಳಗೆ ಆಗುವುದು ಸಹಜ. ಉಬ್ಬಿ ಗಟ್ಟಿಯಾಗಿ, ಜೊತೆಗೆ ಮಂಕು ಅಥವಾ ವಾಂತಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಕಡೆ, ತೀರ ಒಳಕ್ಕೆ ಕುಸಿದು, ಕೂತಾಗ ತಲೆನೋವು, ಕೈಕಾಲಿನ ಶಕ್ತಿ ಕಡಿಮೆಯಾಗಿ, ಮಲಗಿದಾಗ ಸರಿಯಾಗುತ್ತಿದ್ದರೆ ಅದನ್ನೂ ಸರ್ಜನ್‌ಗೆ ತಿಳಿಸಿ. ಮೂಳೆ ಕೂರಿಸಿದ ಮೇಲೆ ಅಂಥವರು ಚುರುಕಾಗುವುದುಂಟು.

ಮೂಗಿನ ನಳಿಕೆಯಲ್ಲಿ ಊಟ ಕೊಡುವ ಸರಿಯಾದ ಕ್ರಮ ಯಾವುದು?

ರೈಲ್ಸ್ ಟ್ಯೂಬ್ ಮೂಗಿನಿಂದ ಹೊರಬರುವ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಪ್ರತಿ ಸಲ ಊಟಕ್ಕೆ ಮೊದಲು ಗುರುತು ನೋಡಿ. ಅದು ಹೊರಗೆ ಸರಿದಿದ್ದರೆ ನೀವೇ ಒಳಗೆ ತಳ್ಳಬೇಡಿ, ಊಟವನ್ನೂ ಕೊಡಬೇಡಿ. ತುದಿ ಶ್ವಾಸನಾಳದಲ್ಲಿದ್ದರೆ ಗಂಜಿ ನೇರ ಪುಪ್ಪುಸಕ್ಕೆ ಹೋಗುತ್ತದೆ.

ತಲೆ ಮತ್ತು ಎದೆಯ ಭಾಗವನ್ನು 30-45 ಡಿಗ್ರಿ ಎತ್ತರಿಸಿ; ಬರೀ ತಲೆದಿಂಬು ಏರಿಸಿದರೆ ಕುತ್ತಿಗೆ ಮಡಚುತ್ತದೆ ಅಷ್ಟೆ. 50 ಮಿಲಿ ಸಿರಿಂಜಿನಿಂದ ಮೆಲ್ಲಗೆ ಎಳೆದು ನೋಡಿ. ಹಿಂದಿನ ಊಟ 200 ಮಿಲಿಗಿಂತ ಹೆಚ್ಚು ಹಾಗೇ ಉಳಿದಿದ್ದರೆ ಈ ಸಲದ್ದನ್ನು ತಡಮಾಡಿ, ಮತ್ತೆ ಹಾಗೇ ಆದರೆ ಆಸ್ಪತ್ರೆಗೆ ಫೋನ್ ಮಾಡಿ. ಸಿರಿಂಜಿನ ದಂಡ ತೆಗೆದು, ಕೊಳವೆಯನ್ನು ಎತ್ತಿ ಹಿಡಿದು, ತಾನಾಗಿ ಇಳಿಯಲು ಬಿಡಿ. ಒಂದು ಸಲಕ್ಕೆ 200-250 ಮಿಲಿ, 15-20 ನಿಮಿಷದಲ್ಲಿ. ದಂಡದಿಂದ ಒತ್ತಿದರೆ ಬೇಗ ಮುಗಿಯುತ್ತದೆ, ವಾಂತಿಯೂ ಬೇಗ ಬರುತ್ತದೆ. ಕೊನೆಗೆ 30-50 ಮಿಲಿ ನೀರು ಹಾಕಿ ತೊಳೆದು ಮುಚ್ಚಿ. ಆಮೇಲೆ ಮುಕ್ಕಾಲು ಗಂಟೆಯಾದರೂ ಮಲಗಿಸಬೇಡಿ. ದಿನಕ್ಕೆ ಒಟ್ಟು ಎಷ್ಟು ಬೇಕು ಎನ್ನುವುದನ್ನು ಡಯಟಿಷಿಯನ್ ಹೇಳಬೇಕು. ತೂಕ ಇಳಿಯುತ್ತಿದ್ದರೆ ಗಂಜಿ ತೆಳ್ಳಗಿದೆ ಎಂದೇ ತಿಳಿಯಿರಿ.

ರಾಗಿ ಗಂಜಿ ಆರುತ್ತಾ ಗಟ್ಟಿಯಾಗುತ್ತದೆ, ಟ್ಯೂಬ್ ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ. ಎರಡು ಸಲ ಸೋಸಿ, ಉಗುರುಬೆಚ್ಚಗಿರುವಾಗಲೇ ಕೊಡಿ. ಕಟ್ಟಿಕೊಂಡರೆ 20-30 ಮಿಲಿ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ತಳ್ಳಿ ಎಳೆಯಿರಿ. ಕಡ್ಡಿ, ತಂತಿ ಹಾಕಬೇಡಿ. ಮಾತ್ರೆಗಳನ್ನು ಒಂದೊಂದಾಗಿ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕು, ಗಂಜಿಗೆ ಬೆರೆಸಬಾರದು. ಹೆಸರಿನ ಕೊನೆಗೆ ಎಸ್‌ಆರ್, ಸಿಆರ್, ಇಆರ್ ಎಂದಿರುವ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ; ಬದಲಿ ಕೇಳಿ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್ (ಎಪ್ಟಾಯಿನ್ ಎಂಬ ಹೆಸರಿನಲ್ಲಿ ಬರುವುದು) ಟ್ಯೂಬ್ ಊಟದ ಜೊತೆಗೇ ಹೋದರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಊಟಕ್ಕೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ.

ನಾಲ್ಕರಿಂದ ಆರು ವಾರ ದಾಟಿದರೂ ಮೂಗಿನ ಟ್ಯೂಬ್ ಬೇಕಾಗಿದ್ದರೆ ಹೊಟ್ಟೆಗೆ ನೇರ ಹಾಕುವ ಪೆಗ್ ಟ್ಯೂಬ್ ಬಗ್ಗೆ ಕೇಳಿ. ‘ಇನ್ನೊಂದು ಆಪರೇಷನ್ನಾ?’ ಎಂದು ಹೆದರುವವರು ಹೆಚ್ಚು. ಎಂಡೋಸ್ಕೋಪ್ ಮೂಲಕ ಮಾಡುವ ಚಿಕ್ಕ ಪ್ರಕ್ರಿಯೆ ಅದು, ಮುಂದೆ ತೆಗೆಯಲೂ ಬರುತ್ತದೆ.

ಒಂದು ಚಮಚ ತೀರ್ಥ, ಎಳನೀರು ಬಾಯಿಗೆ ಹಾಕಿದರೆ ಏನಾಗುತ್ತೆ?

ನುಂಗುವ ಶಕ್ತಿ ಪರೀಕ್ಷೆ ಆಗುವವರೆಗೆ ಹಾಕಬೇಡಿ. ತೆಳ್ಳಗಿನ ದ್ರವವೇ ಹೆಚ್ಚು ಅಪಾಯ, ಏಕೆಂದರೆ ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮಲಿಲ್ಲ ಎಂದರೆ ಸರಿಯಾಗಿ ನುಂಗಿದರು ಎಂದಲ್ಲ. ಇಂಥವರಲ್ಲಿ ಕೆಮ್ಮೇ ಬಾರದೆ ನೀರು ಪುಪ್ಪುಸ ಸೇರಬಹುದು, ಎರಡು ದಿನದ ನಂತರ ಜ್ವರ ಬಂದಾಗ ಗೊತ್ತಾಗುತ್ತದೆ. ನುಂಗುವುದನ್ನು ಪರೀಕ್ಷಿಸುವವರು ಸ್ಪೀಚ್ ಥೆರಪಿಸ್ಟ್. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದ ದೊಡ್ಡ ಕೇಂದ್ರ, ಮಾತು ಹೋದವರಿಗೂ ಅಲ್ಲಿ ಚಿಕಿತ್ಸೆ ಇದೆ. ಅಜ್ಜಿಯ ಸಮಾಧಾನಕ್ಕೆ ತೀರ್ಥವನ್ನು ಹಣೆಗೆ ಹಚ್ಚಿ.

ಬಾಯಿಂದ ಊಟ ಇಲ್ಲದಿದ್ದರೂ ಹಲ್ಲು, ನಾಲಿಗೆಯನ್ನು ದಿನಕ್ಕೆ ಎರಡು ಸಲ ಉಜ್ಜಲೇಬೇಕು. ಕೊಳೆ ತುಂಬಿದ ಬಾಯಿಯ ಜೊಲ್ಲು ಇಳಿದೇ ನ್ಯುಮೋನಿಯಾ ಆಗುವುದು.

ಕುತ್ತಿಗೆಯಲ್ಲಿ ಉಸಿರಾಡಲು ಹಾಕಿದ ಟ್ರೇಕ್ ಟ್ಯೂಬ್ ಇಟ್ಟೇ ಮನೆಗೆ ಕಳಿಸುತ್ತಿದ್ದಾರೆ.

ವಾರ್ಡಿನಲ್ಲಿ ನರ್ಸ್ ಎದುರು ಮನೆಯ ಇಬ್ಬರಾದರೂ ಸಕ್ಷನ್ (ಟ್ಯೂಬಿನಿಂದ ಕಫ ಹೀರಿ ತೆಗೆಯುವುದು) ಮಾಡಿ ಕಲಿಯುವವರೆಗೆ ಡಿಸ್ಚಾರ್ಜ್‌ಗೆ ಒಪ್ಪಬೇಡಿ. ನೋಡಿ ಕಲಿತದ್ದು ಸಾಲದು, ಕೈಯಿಂದ ಮಾಡಿರಬೇಕು. ಗೊರಗೊರ ಸದ್ದು ಕೇಳಿದಾಗ ಸಕ್ಷನ್ ಮಾಡಿ, ಗಡಿಯಾರ ನೋಡಿಕೊಂಡಲ್ಲ. ಕೊಳವೆ ಒಳಗಿರುವುದು 10-15 ಸೆಕೆಂಡ್ ಮೀರಬಾರದು. ನೀವೂ ಉಸಿರು ಹಿಡಿದುಕೊಂಡರೆ ಅಂದಾಜು ಸಿಗುತ್ತದೆ. ಒಳಗಿನ ನಳಿಕೆ ಇದ್ದರೆ ದಿನವೂ ತೆಗೆದು ತೊಳೆಯಬೇಕು. ಒಣ ಗಾಳಿಗೆ ಕಫ ಗಟ್ಟಿಯಾಗಿ ಟ್ಯೂಬ್ ಮುಚ್ಚಿಹೋಗುವುದೇ ಇಲ್ಲಿನ ದೊಡ್ಡ ಅಪಾಯ. ಕರೆಂಟ್ ಹೋಗುವ ಊರಾದರೆ ಬ್ಯಾಟರಿಯದ್ದೋ ಕಾಲಲ್ಲಿ ತುಳಿಯುವುದೋ ಒಂದು ಸಕ್ಷನ್ ಯಂತ್ರ ಹೆಚ್ಚುವರಿಯಾಗಿ ಬೇಕು. ಅದೇ ಅಳತೆಯ ಒಂದು, ಒಂದಳತೆ ಚಿಕ್ಕದಾದ ಇನ್ನೊಂದು ಟ್ಯೂಬ್ ಮಂಚದ ಪಕ್ಕದಲ್ಲೇ ಇರಲಿ.

ಏರ್‌ಬೆಡ್ ತಂದಿದ್ದೇವೆ. ಆದರೂ ಬೆನ್ನಿನಲ್ಲಿ ಹುಣ್ಣು ಶುರುವಾಗಿದೆ.

ಏರ್‌ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು, ಪೂರ್ತಿ ಮಗ್ಗುಲಾದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಸುತ್ತಲಿನ ರಕ್ತ ಓಡಾಟವನ್ನೇ ಅದು ಕಡಿಮೆ ಮಾಡುತ್ತದೆ. ಊಟದ ಹೊತ್ತು ಬಿಟ್ಟು ಉಳಿದಾಗ ತಲೆಯ ಭಾಗವನ್ನು 30 ಡಿಗ್ರಿಗಿಂತ ಎತ್ತರ ಇಟ್ಟರೆ ಮೈ ಕೆಳಕ್ಕೆ ಜಾರಿ ಬೆನ್ನ ತುದಿಯ ಚರ್ಮ ಉಜ್ಜುತ್ತದೆ.

ಎತ್ತುವಾಗ ಶಕ್ತಿಯಿಲ್ಲದ ಕೈ ಹಿಡಿದು, ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಭುಜ ಕಳಚಿ ವರ್ಷಗಟ್ಟಲೆ ನೋಯುತ್ತದೆ. ಕೀಲುಗಳನ್ನು ದಿನಕ್ಕೆರಡು ಸಲ ಮೆಲ್ಲಗೆ ಪೂರ್ತಿ ಆಡಿಸಬೇಕು. ಮೊಣಕೈ ಅಥವಾ ಸೊಂಟ ಬಿಸಿಯಾಗಿ ಊದಿ, ಮಡಚುವುದು ದಿನೇದಿನೇ ಕಡಿಮೆಯಾದರೆ ಬಲವಂತ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸ್ನಾಯುವಿನೊಳಗೆ ಮೂಳೆ ಬೆಳೆಯುತ್ತಿರಬಹುದು, ‘ನೋವಾದರೂ ಬಗ್ಗಿಸಿ’ ಎನ್ನುವ ಸಲಹೆ ಅಂಥವರಿಗೆ ಕೆಡುಕು.

ಫಿಟ್ಸ್ ಬಂದರೆ?

ಸಮಯ ನೋಡಿ. ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೈಗೆ ಕಬ್ಬಿಣ, ಬೀಗದ ಕೈ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಬಾಯಿಗೆ ಚಮಚ, ನೀರು ಹಾಕಲೇಬಾರದು. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಕರೆಮಾಡಿ. ಮನೆಯಲ್ಲಿಡಲು ಫಿಟ್ಸ್ ನಿಲ್ಲಿಸುವ ಮಿಡಾಜೋಲಾಮ್ ಮೂಗಿನ ಸ್ಪ್ರೇ ಬೇಕೇ ಎಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಮಾತ್ರೆಯನ್ನು ನಾವಾಗಿ ನಿಲ್ಲಿಸುವುದು ಫಿಟ್ಸ್ ಮರಳಲು ದೊಡ್ಡ ಕಾರಣ. ಎಲ್ಲರಿಗೂ ಜೀವನಪೂರ್ತಿ ಮಾತ್ರೆ ಬೇಕೆಂದಿಲ್ಲ, ಆದರೆ ನಿಲ್ಲಿಸುವುದನ್ನು ವೈದ್ಯರೇ ಹೇಳಬೇಕು.

ಸಾಧು ಹುಡುಗನಾಗಿದ್ದ. ಈಗ ಅಮ್ಮನಿಗೇ ಕೆಟ್ಟ ಮಾತಲ್ಲಿ ಬೈತಾನೆ, ಕೈ ಎತ್ತುತ್ತಾನೆ.

ಹಣೆಯ ಹಿಂದಿನ ಮೆದುಳಿನ ಭಾಗ ಪೆಟ್ಟಾದಾಗ ಮಾತು-ಕೋಪಕ್ಕಿದ್ದ ತಡೆ ಸಡಿಲವಾಗುತ್ತದೆ. ಬೈಯುವುದು ಬೇಕೆಂದೇ ಅಲ್ಲ. ಹಾಗಂತ ಸಹಿಸಿಕೊಂಡು ಕೂರಬೇಕೆಂದೂ ಅಲ್ಲ. ಒಂದು ವಾರ ಮೂರು ಕಲಂ ಬರೆಯಿರಿ: ಅದಕ್ಕೆ ಮೊದಲು ಏನಾಗುತ್ತಿತ್ತು, ಅವನು ಏನು ಮಾಡಿದ, ನಾವು ಏನು ಮಾಡಿದೆವು. ಏಳು ದಿನದಲ್ಲಿ ಒಂದು ಮಾದರಿ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಸಂಜೆ ದಣಿವು, ಮನೆ ತುಂಬ ಜನ, ಮಲಬದ್ಧತೆ, ಮೂತ್ರದ ಉರಿ, ತಲೆನೋವು, ಸ್ನಾನಕ್ಕೆ ಅವಸರ ಮಾಡಿದ್ದು, ಇವುಗಳಲ್ಲಿ ಯಾವುದೋ ಒಂದು ಇರುತ್ತದೆ. ಮಾತು ಬಾರದವರಲ್ಲಿ ಏಕಾಏಕಿ ಕೋಪ ಬಂದರೆ ಮೊದಲು ಹುಡುಕಬೇಕಾದ್ದು ನೋವು ಮತ್ತು ಸೋಂಕು.

ಮಾತ್ರೆಯ ಪಟ್ಟಿಯನ್ನೂ ನೋಡಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಡುಕು, ಕೋಪ ಹೆಚ್ಚಿಸುತ್ತದೆ. ಆ ಮಾತ್ರೆ ಶುರುವಾದ ಮೇಲೆಯೇ ಸ್ವಭಾವ ಕೆಟ್ಟಿದ್ದರೆ ನರರೋಗ ತಜ್ಞರಿಗೆ ತಿಳಿಸಿ, ಬೇರೆಯದಕ್ಕೆ ಬದಲಿಸಲು ಬರುತ್ತದೆ.

ಸಿಟ್ಟು ಏರಿದ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ. ಒಬ್ಬರೇ ಮಾತಾಡಿ, ತಗ್ಗಿದ ಧ್ವನಿ, ಎರಡು ಹೆಜ್ಜೆ ದೂರ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ‘ಬಾ, ಜಗಲಿಗೆ ಹೋಗೋಣ’ ಎಂದು ಜಾಗ ಬದಲಿಸಿ. ಮುಗಿದ ಮೇಲೆ ‘ಯಾಕೆ ಹಾಗೆ ಮಾಡಿದೆ’ ಎಂಬ ವಿಚಾರಣೆಯೂ ಬೇಡ, ಅವನಿಗೆ ನೆನಪೇ ಇಲ್ಲದಿರಬಹುದು. ಚಾಕು, ಕತ್ತಿ ಕೈಗೆ ಸಿಗದಂತೆ ಎತ್ತಿಡಿ. ಪೆಟ್ಟು ಬೀಳುವ ಹಂತ ಬಂದರೆ ಮನೋವೈದ್ಯರ ನೆರವು ಬೇಕು.

ಕೈಕಾಲು ಸರಿಯಾಗಿದೆ, ಆದರೂ ದಿನವಿಡೀ ಸುಮ್ಮನೆ ಕೂತಿರುತ್ತಾಳೆ. ಸೋಮಾರಿತನ ಅಲ್ಲವೇ?

ಮನೆಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವ ಲಕ್ಷಣ ಇದು. ಮಾಡಲು ಬರುತ್ತದೆ, ಶುರುಮಾಡಲು ಬರುವುದಿಲ್ಲ. ‘ಸ್ನಾನ ಮಾಡು’ ಎನ್ನುವುದರೊಳಗೆ ಹತ್ತು ಕೆಲಸಗಳಿವೆ. ‘ಏಳು’ ಎನ್ನಿ. ಎದ್ದ ಮೇಲೆ ‘ಟವೆಲ್ ತಗೋ’. ಆಮೇಲೆ ‘ಬಚ್ಚಲಿಗೆ ಬಾ’. ಬಚ್ಚಲ ಬಾಗಿಲಿಗೆ ಇದೇ ಕ್ರಮವನ್ನು ಚೀಟಿ ಬರೆದು ಅಂಟಿಸಿ, ಒಂದೆರಡು ತಿಂಗಳಲ್ಲಿ ಚೀಟಿಯೇ ನಿಮ್ಮ ಬದಲು ಹೇಳುವಂತಾಗಬಹುದು. ‘ಏನು ತಿಂತೀಯ?’ ಎಂದು ಕೇಳಿದರೆ ಮೌನ, ‘ದೋಸೆಯಾ, ಉಪ್ಪಿಟ್ಟಾ?’ ಎಂದರೆ ಉತ್ತರ ಬರುತ್ತದೆ.

ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 20-30 ನಿಮಿಷ ಕೆಲಸ, ನಂತರ ವಿಶ್ರಾಂತಿ. ಫಿಜಿಯೋ, ಸ್ನಾನ, ನೆಂಟರು ಮೂರನ್ನೂ ಒಂದೇ ಬೆಳಿಗ್ಗೆಗೆ ಹಾಕಬೇಡಿ. ತನಗೇನೂ ಆಗಿಲ್ಲ ಎಂದು ವಾದಿಸುವವರೂ ಇದ್ದಾರೆ. ಅದು ಹಟ ಆಗಿರಬೇಕಿಲ್ಲ, ಕೊರತೆಯನ್ನು ಗುರುತಿಸುವ ಭಾಗವೇ ಪೆಟ್ಟು ತಿಂದಿರಬಹುದು. ವಾದದಲ್ಲಿ ಗೆಲ್ಲಲು ಹೋಗದೆ ಕೆಲಸ ಮುಂದುವರಿಸಿ.

ಮರೆವಿಗೆ ಏನು ಉಪಾಯ? ಆಗದೇ ಇದ್ದದ್ದನ್ನೆಲ್ಲ ಹೇಳುತ್ತಾನೆ.

ನೆನಪಿನ ಖಾಲಿ ಜಾಗವನ್ನು ಮೆದುಳು ಕತೆಯಿಂದ ತುಂಬಿಸುತ್ತದೆ. ಹೇಳುವವನಿಗೆ ಅದು ನಿಜವೇ. ಹಾಗಾಗಿ ‘ಸುಳ್ಳು’ ಎನ್ನಬೇಡಿ, ಸರಿಯಾದದ್ದನ್ನು ಒಮ್ಮೆ ಹೇಳಿ ಮುಂದೆ ಸಾಗಿ. ಹೊಸದನ್ನು ಕಲಿಸುವಾಗ ಊಹಿಸಲು ಬಿಡಬಾರದು; ತಪ್ಪು ಉತ್ತರ ಹೇಳಿದರೆ ಆ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ. ಉತ್ತರವನ್ನು ನೀವೇ ಕೊಟ್ಟು, ಹೇಳಿಸಿ, ಅಂತರ ಹೆಚ್ಚಿಸುತ್ತಾ ಮತ್ತೆ ಹೇಳಿಸಿ. ಒಂದೇ ನೋಟ್‌ಬುಕ್, ಒಂದೇ ಜಾಗ. ಮಾತ್ರೆಗೆ ಮೊಬೈಲ್ ಅಲಾರಂ. ಗೋಡೆಯ ವೈಟ್‌ಬೋರ್ಡಿನಲ್ಲಿ ವಾರ, ತಾರೀಖು, ಇವತ್ತಿನ ಎರಡು ಕೆಲಸ. ಸುಡೊಕು, ಮೆದುಳಿನ ಆಟದ ಆ್ಯಪ್ ಆಡಿಸಿದರೆ ಆ ಆಟ ಚೆನ್ನಾಗಿ ಬರುತ್ತದೆ, ಹಾಲಿನ ಲೆಕ್ಕ ನೆನಪಿರಲು ಅದರಿಂದ ಹೆಚ್ಚೇನೂ ಸಹಾಯ ಆಗದು.

ವಾಸನೆ ಗೊತ್ತಾಗುತ್ತಿಲ್ಲ ಎನ್ನುತ್ತಾಳೆ. ಇದೂ ಅದರಿಂದಲೇ?

ಹೌದು, ತಲೆಪೆಟ್ಟಿನಲ್ಲಿ ವಾಸನೆಯ ನರಗಳು ಹರಿಯುವುದುಂಟು. ಗ್ಯಾಸ್ ಸೋರಿದ್ದು, ಹಳಸಿದ ಸಾರು ತಿಳಿಯುವುದಿಲ್ಲ. ಒಬ್ಬಳೇ ಅಡುಗೆಗೆ ನಿಲ್ಲುವುದು ಬೇಡ, ಗ್ಯಾಸ್ ಸೋರಿಕೆ ಅಲಾರಂ ಹಾಕಿಸಿ, ಫ್ರಿಜ್ಜಿನ ಡಬ್ಬಿಗಳ ಮೇಲೆ ತಾರೀಖು ಬರೆಯಿರಿ.

ಎಷ್ಟು ತಿಂಗಳವರೆಗೆ ಸುಧಾರಣೆ? ಮೆದುಳಿಗೆ ಶಕ್ತಿ ಕೊಡುವ ಇಂಜೆಕ್ಷನ್, ಸ್ಟೆಮ್ ಸೆಲ್ ಇದೆಯಂತೆ.

ಮೊದಲ ಆರು ತಿಂಗಳು ವೇಗ ಹೆಚ್ಚು, ಎರಡು ವರ್ಷದವರೆಗೆ ಕಣ್ಣಿಗೆ ಕಾಣುವಂತೆ, ಆಮೇಲೂ ನಿಧಾನವಾಗಿ. ಒಂದು ವರ್ಷಕ್ಕೆ ಎಲ್ಲ ಮುಗಿಯಿತು ಎನ್ನುವುದು ಸರಿಯಲ್ಲ. ಮೊದಲಿನಂತೆಯೇ ಆಗುತ್ತಾನೆ ಎಂಬ ಮಾತನ್ನೂ ಯಾರಿಗೂ ಕೊಡಬೇಡಿ.

ಮೆದುಳಿಗೆ ಶಕ್ತಿ ಕೊಡುತ್ತದೆ ಎನ್ನುವ ಸಿಟಿಕೋಲಿನ್ ಅನ್ನು ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಪೆಟ್ಟಾಗಿ 4ರಿಂದ 16 ವಾರದೊಳಗಿದ್ದು ಅರಿವು ಮರಳದವರಿಗೆ ನಾಲ್ಕು ವಾರ ಕೊಟ್ಟ ಅಮಾಂಟಡೀನ್ ಎಂಬ ಔಷಧ ಚೇತರಿಕೆಯ ವೇಗ ಹೆಚ್ಚಿಸಿತು. ನಿಮ್ಮವರಿಗೆ ಹೊಂದುತ್ತದೆಯೇ ಎಂದು ಕೇಳಬಹುದು. ತಲೆಪೆಟ್ಟಿಗೆ ಸ್ಟೆಮ್ ಸೆಲ್ ಸಾಬೀತಾದ ಚಿಕಿತ್ಸೆ ಅಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇಂಥದ್ದನ್ನು ಅನುಮೋದಿತ ಪ್ರಯೋಗದಲ್ಲಿ ಮಾತ್ರ ಬಿಡುತ್ತದೆ, ಪ್ರಯೋಗ ಎಂದ ಮೇಲೆ ರೋಗಿಯಿಂದ ಹಣ ಕೇಳುವಂತಿಲ್ಲ. ಸೈಟು ಮಾರಿ ಲಕ್ಷಗಳನ್ನು ಅದಕ್ಕೆ ಸುರಿಯುವ ಬದಲು ಎರಡು ವರ್ಷ ಫಿಜಿಯೋ, ಸ್ಪೀಚ್, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದು) ನಡೆಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೇ ಪ್ರತ್ಯೇಕ ವಿಭಾಗವಿದೆ. ಕೆಲವು ವಾರ ಅಲ್ಲಿದ್ದು, ಕಲಿತು, ಊರಲ್ಲಿ ಮುಂದುವರಿಸುವುದು ಒಳ್ಳೆಯ ದಾರಿ.

ನಡೆಯುತ್ತಿದ್ದವನು ಮತ್ತೆ ಎಡವುತ್ತಿದ್ದಾನೆ, ಮಂಕಾಗಿದ್ದಾನೆ.

ಚೇತರಿಕೆ ನಿಲ್ಲಬಹುದು, ಆದರೆ ಹಿಂದೆ ಜಾರಿದರೆ ಕಾರಣ ಇದ್ದೇ ಇರುತ್ತದೆ. ನಡಿಗೆ ಕೆಟ್ಟು, ಬಟ್ಟೆಯಲ್ಲೇ ಮೂತ್ರ ಹೋಗಿ, ಯೋಚನೆ ನಿಧಾನವಾದರೆ ಮೆದುಳಿನಲ್ಲಿ ನೀರು ತುಂಬಿರಬಹುದು. ಸಿಟಿ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ, ಆ ನೀರನ್ನು ಹರಿದುಹೋಗುವಂತೆ ಮಾಡುವ ನಳಿಕೆ (ಶಂಟ್) ಹಾಕಿದರೆ ಎಷ್ಟೋ ಜನ ಸುಧಾರಿಸುತ್ತಾರೆ. ತೂರಾಡುವ ನಡಿಗೆ, ತೊದಲು ಮಾತು, ಕಣ್ಣುಗುಡ್ಡೆ ಅದುರುವುದು ಕಂಡರೆ ಫಿನಿಟಾಯಿನ್ ಪ್ರಮಾಣ ಹೆಚ್ಚಾಗಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಸೋಡಿಯಂ ಇಳಿದರೂ ಮಂಕು ಬರುತ್ತದೆ. ತಿಂಗಳುಗಟ್ಟಲೆ ವಿಪರೀತ ಸುಸ್ತು, ಮುಟ್ಟು ನಿಂತದ್ದು ಕಂಡುಬಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಪರೀಕ್ಷೆ ಕೇಳಿ, ಇದನ್ನು ಮರೆಯುವುದೇ ಹೆಚ್ಚು.

ಅಪಘಾತದ ಪರಿಹಾರಕ್ಕೆ ಏನೇನು ಕಾಗದ ಬೇಕು?

ಎಫ್‌ಐಆರ್, ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗಾಗಿ ಮಾಡುವ ದಾಖಲೆ), ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಸಿಡಿ, ಮೆಡಿಕಲ್ ಶಾಪಿನ ಬಿಲ್ ಸಮೇತ ಎಲ್ಲ ಮೂಲಪ್ರತಿ, ಆಟೋ-ಆಂಬುಲೆನ್ಸ್ ಖರ್ಚು, ಅಟೆಂಡರ್‌ಗೆ ಕೊಟ್ಟ ಸಂಬಳದ ರಸೀದಿ, ಗಾಯಾಳುವಿನ ಆದಾಯದ ದಾಖಲೆ. ಥರ್ಮಲ್ ಬಿಲ್ ಅಳಿಸಿಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳ ಗಡುವು ಇದೆ. ಅಂಗವೈಕಲ್ಯ ಪ್ರಮಾಣಪತ್ರ ಬರಲಿ ಎಂದು ಕಾಯಬೇಡಿ, ಅದನ್ನು ಆಮೇಲೆ ಸೇರಿಸಬಹುದು. ಅಪಘಾತವಾದ ಊರಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಊರಿನಲ್ಲೂ ಆಗುತ್ತದೆ. ಬೇಗ ರಾಜಿ ಮಾಡಿಕೊಂಡರೆ ಮುಂದಿನ ಆಪರೇಷನ್, ಜೀವನಪೂರ್ತಿ ಅಟೆಂಡರ್ ಖರ್ಚು ಲೆಕ್ಕಕ್ಕೆ ಸಿಗುವುದಿಲ್ಲ. ಎದುರು ವಾಹನವಿಲ್ಲದೆ ತಾನೇ ಬಿದ್ದಿದ್ದರೆ ಬೈಕಿನ ವಿಮೆಯಲ್ಲಿ ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಅದು ಅನ್ವಯಿಸುತ್ತದೆ, ಎಷ್ಟೋ ಮನೆಯವರು ಪಾಲಿಸಿಯನ್ನು ತೆರೆದೇ ನೋಡಿರುವುದಿಲ್ಲ.

ಚಿಕಿತ್ಸೆಯ ಖರ್ಚಿಗೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು (1.5 ಲಕ್ಷ ಮಿತಿ) ಸಿಗುತ್ತದೆ. ರಸ್ತೆ ಅಪಘಾತಕ್ಕೆ ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ ಅವಕಾಶವಿದೆ.

ಅಂಗವಿಕಲರ ಕಾರ್ಡ್ ಸಿಗುತ್ತದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ತಲೆಪೆಟ್ಟು ಎಂದು ಪ್ರತ್ಯೇಕವಾಗಿಲ್ಲ. ಉಳಿದಿರುವ ತೊಂದರೆಯ ಮೇಲೆ, ಅಂದರೆ ಕೈಕಾಲು, ಮಾತು, ದೃಷ್ಟಿ, ಮನಸ್ಸು ಅಥವಾ ಬಹುವಿಧ ಅಂಗವೈಕಲ್ಯದ ಅಡಿ ಪ್ರಮಾಣಪತ್ರ ಕೊಡುತ್ತಾರೆ. ಹೊರಗೆ ಚೆನ್ನಾಗಿ ಕಾಣುವವರಿಗೆ ನ್ಯೂರೋಸೈಕಾಲಜಿ ಪರೀಕ್ಷೆಯ (ನೆನಪು, ಗಮನ, ಯೋಚನೆ ಅಳೆಯುವುದು) ವರದಿ ಬಹಳ ಮುಖ್ಯ, ಅದಿಲ್ಲದೆ ಹೋದರೆ ಮರೆವು, ಯೋಚನೆಯ ತೊಂದರೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಇರಬೇಕು. ಅಂಗವಿಕಲರ ಗುರುತಿನ ಕಾರ್ಡಾದ ಯುಡಿಐಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರನ್ನು ಹಿಡಿಯಿರಿ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಅವಲಂಬಿತ ಒಡಹುಟ್ಟಿದವರನ್ನು ಸಾಕುವವರಿಗೂ ಹಳೆ ಪದ್ಧತಿಯ ಆದಾಯ ತೆರಿಗೆಯಲ್ಲಿ 80ಡಿಡಿ ಎಂದು ಪರಿಚಿತವಾದ ವಿನಾಯಿತಿ ಇದೆ: 75,000, ಶೇ. 80 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ 1,25,000. ಅಪ್ಪ-ಅಮ್ಮನಿಗೆ ಮಾತ್ರ ಎಂದುಕೊಂಡು ಬಿಟ್ಟುಬಿಡುವವರು ಬಹಳ.

ಅವನ ಖಾತೆಯಲ್ಲಿ ಹಣವಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಜಿಪಿಎ (ಅವನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮಾಡಿಸಬಹುದೇ?

ಅರಿವಿಲ್ಲದವರಿಂದ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಬೆಲೆಯಿಲ್ಲ, ಮುಂದೆ ಆಸ್ತಿ ವ್ಯಾಜ್ಯದಲ್ಲಿ ಅದೇ ನಿಮ್ಮ ಮೇಲೆ ತಿರುಗುತ್ತದೆ. ಅಪಘಾತಕ್ಕೆ ಮೊದಲೇ ಕೊಟ್ಟಿದ್ದ ಜಿಪಿಎ ಕೂಡ, ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲವಾದಾಗ ಕಾನೂನಿನ ಪ್ರಕಾರ ಕೊನೆಗೊಳ್ಳುತ್ತದೆ. ಕೋಮಾದಲ್ಲಿರುವವರ ಪರವಾಗಿ ಪೋಷಕರನ್ನು ನೇಮಿಸುವಂತೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದು ದಾರಿ. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅರಿವಿದ್ದು ಸಹಿ ಮಾತ್ರ ಆಗದವರಾದರೆ ಬ್ಯಾಂಕಿನವರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಸ್ವೀಕರಿಸುತ್ತಾರೆ.

ಚೇತರಿಸಿಕೊಂಡು ಮೊಬೈಲ್ ಕೈಗೆ ಬಂದವರ ಕಷ್ಟ ಬೇರೆ: ಸಾಲದ ಆ್ಯಪ್, ಆನ್‌ಲೈನ್ ಜೂಜು, ಕೇಳಿದವರಿಗೆಲ್ಲ ಒಟಿಪಿ. ದೊಡ್ಡ ಮೊತ್ತವನ್ನು ಅವರ ಒಪ್ಪಿಗೆಯಿಂದಲೇ ಎಫ್‌ಡಿಗೆ ಹಾಕಿ, ಯುಪಿಐ ಇರುವ ಖಾತೆಯಲ್ಲಿ ವಾರದ ಖರ್ಚಷ್ಟೇ ಇಡಿ.

ಕೆಲಸಕ್ಕೆ ಯಾವಾಗ ಕಳಿಸಬಹುದು? ಬೈಕ್? ಕುಡಿತ?

ಸರ್ಕಾರಿ ನೌಕರರಾಗಿದ್ದರೆ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2016ರ ಕಾಯ್ದೆಯ 20(4)ನೇ ಕಲಂ ಇದನ್ನು ಹೇಳುತ್ತದೆ. ರಾಜೀನಾಮೆ ಬರೆದುಕೊಡಬೇಡಿ. ಖಾಸಗಿಯಲ್ಲಿ ದಿನಕ್ಕೆ ಎರಡು-ಮೂರು ಗಂಟೆಯಿಂದ ಶುರುಮಾಡಿಸಿ. ಪೂರ್ತಿ ದಿನಕ್ಕೆ ಕಳಿಸಿ, ಸೋತು, ಕೆಲಸ ಕಳೆದುಕೊಂಡರೆ ಎರಡನೇ ಅವಕಾಶ ಸಿಗುವುದು ಕಷ್ಟ. ಬೈಕ್ ಕೀ ನಿಮ್ಮ ಹತ್ತಿರ ಇರಲಿ. ಫಿಟ್ಸ್, ದೃಷ್ಟಿ, ನಿರ್ಧಾರದ ವೇಗ ಮೂರನ್ನೂ ನೋಡಿ ವೈದ್ಯರು ಬರೆದುಕೊಡುವವರೆಗೆ ಓಡಿಸುವುದು ಬೇಡ. ಮದ್ಯ ಬೇಡ.

‘ಒಂದು ಮದುವೆ ಮಾಡಿ, ಸರಿಹೋಗುತ್ತಾನೆ’ ಎನ್ನುತ್ತಾರೆ.

ಸರಿಹೋಗುವುದಿಲ್ಲ. ವಿಷಯ ಮುಚ್ಚಿಟ್ಟು ಮಾಡಿದರೆ ಇನ್ನೊಂದು ಮನೆಯ ಮಗಳಿಗೆ ಅನ್ಯಾಯ. ತಾನೇ ನಿರ್ಧರಿಸುವಷ್ಟು ಸುಧಾರಿಸಿ, ಎದುರಿನವರಿಗೆ ಎಲ್ಲ ಗೊತ್ತಿದ್ದು ಆಗುವ ಮದುವೆಯ ಮಾತು ಬೇರೆ.

ನಾನು ಹೊರದೇಶದಲ್ಲಿದ್ದೇನೆ, ಊರಲ್ಲಿ ಅಕ್ಕ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ಹಣ ಕಳಿಸುತ್ತಿದ್ದೇನೆ.

ಹಣ ಬೇಕು, ಆದರೆ ಅಕ್ಕನಿಗೆ ಅದಕ್ಕಿಂತ ಕೊರತೆಯಿರುವುದು ನಿದ್ದೆ. ರಾತ್ರಿ ಮಗ್ಗುಲು ಬದಲಿಸಲು ವಾರಕ್ಕೆ ಎರಡು ರಾತ್ರಿಯಾದರೂ ಸಂಬಳದ ಅಟೆಂಡರ್ ಇಡಿಸಿ, ಆ ಖರ್ಚು ನಿಮ್ಮದಾಗಿರಲಿ. ದೂರದಿಂದಲೇ ಮಾಡಬಹುದಾದ ಕೆಲಸಗಳನ್ನು ಪೂರ್ತಿ ನಿಮ್ಮ ಕಡೆಗೆ ಎಳೆದುಕೊಳ್ಳಿ: ವಿಮೆಯವರ ಜೊತೆ ಮಾತು, ವಕೀಲರ ಫಾಲೋ-ಅಪ್, ಸ್ಕ್ಯಾನ್-ಬಿಲ್‌ಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವುದು, ಮಾತ್ರೆ ಮುಗಿಯುವ ದಿನದ ಪಟ್ಟಿ, ವೈದ್ಯರ ಅಪಾಯಿಂಟ್‌ಮೆಂಟ್. ವಿಡಿಯೊ ಕಾಲ್‌ನಲ್ಲಿ ಹತ್ತು ನಿಮಿಷ ನೋಡಿ ‘ಚೆನ್ನಾಗೇ ಇದ್ದಾನಲ್ಲ’ ಎನ್ನಬೇಡಿ. ಆ ಹತ್ತು ನಿಮಿಷ ಎಲ್ಲರೂ ಚೆನ್ನಾಗಿರುತ್ತಾರೆ. ರಜೆಯಲ್ಲಿ ಬಂದಾಗ ಅಕ್ಕನನ್ನು ಒಂದು ವಾರ ಬೇರೆ ಕಡೆ ಕಳಿಸಿ ನೀವೇ ನೋಡಿಕೊಳ್ಳಿ, ಏನೇನು ಬದಲಿಸಬೇಕು ಎಂಬ ಚರ್ಚೆ ಅದಾದ ಮೇಲೆ.

ನೋಡಿಕೊಳ್ಳುವವರಿಗೆ ನಿದ್ದೆ ಬಾರದಿದ್ದರೆ, ಸಾಯುವ ಯೋಚನೆ ಬಂದರೆ ಟೆಲಿ-ಮಾನಸ್ 14416ಕ್ಕೆ ಕರೆಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ, ಶುಲ್ಕವಿಲ್ಲ.